ಒಡಹುಟ್ಟಿದ ನಕ್ಷತ್ರಗಳು ಬೇರೆಬೇರೆ ವೇಗದಲ್ಲಿ ತಿರುಗುವುದೇಕೆ



ವಿಜ್ಞಾನದ ಒಂದು ವಿಷಯವನ್ನು ಕನ್ನಡದಲ್ಲಿಯೇ ವಿವರಿಸಬೇಕೆಂಬುದು ಈ ಉಪನ್ಯಾಸದ ದತ್ತಿಯ ಆಶಯ. ಅದಕ್ಕೆ ಒಪ್ಪುವಂತೆ, ನಾವು ನೀವೆಲ್ಲ ಬರಿಗಣ್ಣಿನಿಂದ ನೋಡಿರುವ ಒಂದು ನಕ್ಷತ್ರಗುಂಪಿನಿಂದಲೇ ಮಾತು ಆರಂಭಿಸುತ್ತೇನೆ. ಕಾರ್ತಿಕ, ಮಾರ್ಗಶಿರ ಮಾಸಗಳ ಸಂಜೆ ಪೂರ್ವದ ಆಕಾಶದಲ್ಲಿ ಮೇಲೇರುವ ಕೃತ್ತಿಕೆಯನ್ನು ನೀವು ಬಲ್ಲಿರಿ. ಸಾಮಾನ್ಯ ದೃಷ್ಟಿಗೆ ಆರೋ ಏಳೋ ನಕ್ಷತ್ರಗಳು ಕಾಣುತ್ತವೆ. ದೂರದರ್ಶಕಕ್ಕೆ ಸಾವಿರಕ್ಕೂ ಹೆಚ್ಚು. ನಮ್ಮಿಂದ ಸುಮಾರು 440 ಜ್ಯೋತಿರ್ವರ್ಷ ದೂರದಲ್ಲಿರುವ ಈ ನಕ್ಷತ್ರಗಳೆಲ್ಲ ಒಂದೇ ಅನಿಲಮೋಡದಿಂದ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, 10ರಿಂದ 13 ಕೋಟಿ ವರ್ಷಗಳ ಹಿಂದೆ ಹುಟ್ಟಿದವು. ಅವುಗಳ ವಯಸ್ಸೂ ಒಂದೇ, ಅವುಗಳಲ್ಲಿರುವ ದ್ರವ್ಯವೂ ಒಂದೇ.

ಈ ಗುಂಪಿನ ಎರಡು ನಕ್ಷತ್ರಗಳನ್ನು ಮಾತ್ರ ಹತ್ತಿರದಿಂದ ನೋಡೋಣ. ಒಂದರ ಹೆಸರು ಪ್ಲಿಯೋನೆ, ಇನ್ನೊಂದರ ಹೆಸರು ಮಾಯಾ. ಎರಡರ ದ್ರವ್ಯರಾಶಿಯೂ ಸೂರ್ಯನ ಮೂರು-ನಾಲ್ಕು ಪಟ್ಟಿನ ಆಸುಪಾಸಿನದು. ಪ್ಲಿಯೋನೆಯ ಮೇಲ್ಮೈ ಸೆಕೆಂಡಿಗೆ 300 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಸುತ್ತುತ್ತದೆ. ಆ ರಭಸಕ್ಕೆ ಅದರ ಸಮಭಾಜಕದಿಂದ ಅನಿಲ ಚಿಮ್ಮಿ, ಸುತ್ತಲೂ ತಟ್ಟೆಯ ಹಾಗೆ ಹರಡಿಕೊಂಡಿದೆ. ಮಾಯಾ ಒಂದು ಸುತ್ತು ಮುಗಿಸಲು ಹತ್ತು ದಿನ ತೆಗೆದುಕೊಳ್ಳುತ್ತದೆ. ಅದರ ವೇಗ ಪ್ಲಿಯೋನೆಯ ಹತ್ತನೇ ಒಂದು ಪಾಲಿನಷ್ಟು. ಒಡಹುಟ್ಟಿದವು, ಸಮತೂಕದವು, ಹಾಗಿದ್ದೂ ಇಷ್ಟು ವ್ಯತ್ಯಾಸ ಏಕೆ? ಇದೇ ಈ ಹೊತ್ತಿನ ಪ್ರಶ್ನೆ.

ನಾನು ಹೇಳಬೇಕೆಂದಿರುವುದನ್ನು ಮೊದಲೇ ಸೂಚಿಸಿಬಿಡುತ್ತೇನೆ. ಹುಟ್ಟುವಾಗ ಎಲ್ಲ ನಕ್ಷತ್ರಗಳ ವೇಗದಲ್ಲಿಯೂ ಏರುಪೇರು ಇರುತ್ತದೆ. ಸೂರ್ಯನಂಥ ನಕ್ಷತ್ರಗಳಲ್ಲಿ ಆ ಏರುಪೇರು ಕಾಲಕ್ರಮದಲ್ಲಿ ಅಳಿಸಿಹೋಗುತ್ತದೆ. ಭಾರವಾದ ನಕ್ಷತ್ರಗಳಲ್ಲಿ ಅಳಿಸುವ ಆ ಶಕ್ತಿಯೇ ಇಲ್ಲ. ಹುಟ್ಟಿನಲ್ಲಿ ಬಂದದ್ದು ಬಹುಮಟ್ಟಿಗೆ ಕೊನೆಯವರೆಗೂ ಉಳಿಯುತ್ತದೆ. ಇದನ್ನು ತೋರಿಸಲು ಮೊದಲು ವೇಗವನ್ನು ಅಳೆಯುವ ಬಗೆಯನ್ನು ಚುಟುಕಾಗಿ ಹೇಳಿ, ಅನಂತರ ನಕ್ಷತ್ರದ ಹುಟ್ಟಿಗೆ ಹೋಗಿ, ಆಮೇಲೆ ವೇಗ ತಗ್ಗಿಸುವ ಕಾಂತಬಲದ ಬಳಿ ಹೆಚ್ಚು ಹೊತ್ತು ನಿಂತು, ಕೊನೆಗೆ ಭಾರದ ನಕ್ಷತ್ರಗಳತ್ತ ಬರುತ್ತೇನೆ.

ಅಳತೆಯ ಮಾತು. ನಕ್ಷತ್ರವು ದೂರದರ್ಶಕದಲ್ಲಿಯೂ ಬರಿಯ ಚುಕ್ಕೆ. ಚುಕ್ಕೆ ತಿರುಗುತ್ತಿದೆಯೆಂದು ತಿಳಿಯುವುದು ಹೇಗೆ? ತಿರುಗುವ ನಕ್ಷತ್ರದ ಒಂದು ಅಂಚು ನಮ್ಮ ಕಡೆಗೆ ಬರುತ್ತಿರುತ್ತದೆ, ಇನ್ನೊಂದು ಅಂಚು ದೂರ ಸರಿಯುತ್ತಿರುತ್ತದೆ. ಬರುವ ಅಂಚಿನ ಬೆಳಕು ನೀಲಿಯತ್ತ, ಸರಿಯುವ ಅಂಚಿನದು ಕೆಂಪಿನತ್ತ ಸ್ವಲ್ಪ ಜರುಗುತ್ತದೆ. ಎರಡೂ ಒಂದೇ ಚುಕ್ಕೆಯಲ್ಲಿ ಬೆರೆತಿರುವುದರಿಂದ ರೋಹಿತದಲ್ಲಿ ಚೂಪಾಗಿ ಕಾಣಬೇಕಾದ ಕಪ್ಪುರೇಖೆ ಅಗಲವಾಗಿ, ಆಳ ಕಡಿಮೆಯಾಗಿ ಕಾಣುತ್ತದೆ. ರೇಖೆ ಅಗಲವಾದಷ್ಟೂ ವೇಗ ಹೆಚ್ಚು. ಇದನ್ನು ಇಂಗ್ಲೆಂಡಿನ ವಿಲಿಯಂ ಅಬ್ನಿ 1877ರಲ್ಲಿಯೇ ಸೂಚಿಸಿದ್ದರು. 1929ರಲ್ಲಿ ಆಟೊ ಸ್ಟ್ರೂವ್ ಮತ್ತು ಗ್ರಿಗೊರಿ ಶಯ್ನ್ ಇದನ್ನು ಗಟ್ಟಿ ವಿಧಾನವಾಗಿ ನಿಲ್ಲಿಸಿದರು.

ಈ ವಿಧಾನಕ್ಕೆ ಒಂದು ಮಿತಿಯಿದೆ. ನಕ್ಷತ್ರದ ಧ್ರುವವೇ ನಮ್ಮತ್ತ ತಿರುಗಿದ್ದರೆ ಅದು ಎಷ್ಟೇ ವೇಗವಾಗಿ ಸುತ್ತಲಿ, ರೇಖೆ ಅಗಲವಾಗುವುದಿಲ್ಲ. ಮಾಯಾದ ರೇಖೆಗಳು ಚೂಪಾಗಿರುವುದು ಬಹಳ ಹಿಂದಿನಿಂದಲೂ ಗೊತ್ತಿತ್ತು. ಅದು ನಿಜಕ್ಕೂ ನಿಧಾನದ ನಕ್ಷತ್ರವೋ, ಧ್ರುವದ ಕಡೆಯಿಂದ ಕಾಣುತ್ತಿರುವ ವೇಗದ ನಕ್ಷತ್ರವೋ ಎಂಬ ಅನುಮಾನಕ್ಕೆ ಎಡೆಯಿತ್ತು. 2015ರಲ್ಲಿ ಕೆಪ್ಲರ್ ದೂರದರ್ಶಕ ಸುಮಾರು ಎಪ್ಪತ್ತು ದಿನ ಎಡೆಬಿಡದೆ ಕೃತ್ತಿಕೆಯನ್ನು ನೋಡಿತು. ಆಗ ಮಾಯಾದ ಬೆಳಕು ಹತ್ತು ದಿನಗಳಿಗೊಮ್ಮೆ ಅತಿ ಸ್ವಲ್ಪವಾಗಿ ಏರಿಳಿಯುವುದು ಕಂಡುಬಂತು. ಅದರ ಮೇಲ್ಮೈಯಲ್ಲಿ ರಾಸಾಯನಿಕವಾಗಿ ಬೇರೆಯಾದ ಒಂದು ದೊಡ್ಡ ಕಲೆಯಿದೆ; ಆ ಕಲೆ ಹತ್ತು ದಿನಕ್ಕೊಮ್ಮೆ ನಮ್ಮೆದುರು ಹಾದುಹೋಗುತ್ತದೆ. ಹೀಗೆ ಅನುಮಾನ ಪರಿಹಾರವಾಯಿತು: ಮಾಯಾ ನಿಜವಾಗಿಯೂ ನಿಧಾನದ್ದು. ಸೂರ್ಯನಂಥ ನಕ್ಷತ್ರಗಳಲ್ಲಿಯೂ ಇದೇ ಉಪಾಯ. ಅವುಗಳ ಮೇಲೆ ಸೌರಕಲೆಗಳಂತಹ ಕಪ್ಪು ಕಲೆಗಳಿರುತ್ತವೆ. ಕಲೆ ಎದುರಿಗೆ ಬಂದಾಗ ಬೆಳಕು ಶೇಕಡಾ ಒಂದೆರಡರಷ್ಟು ಕುಗ್ಗುತ್ತದೆ; ಎರಡು ಕುಗ್ಗುಗಳ ನಡುವಣ ಕಾಲವೇ ಅದರ ಒಂದು ದಿನ. ಅದೇ ಎಪ್ಪತ್ತು ದಿನಗಳಲ್ಲಿ ಕೃತ್ತಿಕೆಯ ಏಳುನೂರಕ್ಕೂ ಹೆಚ್ಚು ನಕ್ಷತ್ರಗಳ ಆವರ್ತನೆಯ ಅವಧಿ ನಮ್ಮ ಕೈಗೆ ಬಂತು. ಒಂದೊಂದೇ ನಕ್ಷತ್ರಕ್ಕೆ ಎಷ್ಟೋ ರಾತ್ರಿ ಕಾಯುತ್ತಿದ್ದ ಹಿಂದಿನ ತಲೆಮಾರಿನವರ ಶ್ರಮವನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಇನ್ನು ಎರಡನೆಯ ಭಾಗಕ್ಕೆ, ಅಂದರೆ ನಕ್ಷತ್ರದ ಹುಟ್ಟಿಗೆ ಬರೋಣ.

ನಕ್ಷತ್ರ ಹುಟ್ಟುವ ಮೋಡದ ಗಂಟು ಬಹಳ ಮೆಲ್ಲಗೆ ತಿರುಗುತ್ತಿರುತ್ತದೆ, ಒಂದು ಸುತ್ತಿಗೆ ಹಲವು ಲಕ್ಷ ವರ್ಷ. ಆದರೆ ನಕ್ಷತ್ರವಾಗಬೇಕಾದರೆ ಅದು ಹತ್ತು ಲಕ್ಷ ಪಟ್ಟಿಗಿಂತಲೂ ಹೆಚ್ಚು ಕುಗ್ಗಬೇಕು. ತಿರುಗುವ ವಸ್ತು ಕುಗ್ಗಿದಾಗ ಅದರ ಕೋನೀಯ ಸಂವೇಗ ಹಾಗೆಯೇ ಉಳಿದರೆ ವೇಗ ಏರಲೇಬೇಕು. ಗಾತ್ರ ಹತ್ತರಲ್ಲೊಂದಾದರೆ ಆವರ್ತನೆಯ ಅವಧಿ ನೂರರಲ್ಲೊಂದಾಗುತ್ತದೆ. ಈ ಲೆಕ್ಕ ಹಿಡಿದು ಹೋದರೆ ಮೋಡದಿಂದ ಹುಟ್ಟಿದ ಸೂರ್ಯ ಕೆಲವೇ ಸೆಕೆಂಡುಗಳಲ್ಲಿ ಒಂದು ಸುತ್ತು ಹಾಕಬೇಕಾಗಿತ್ತು. ಆದರೆ ಸೂರ್ಯನಷ್ಟು ಗಾತ್ರದ, ಸೂರ್ಯನಷ್ಟು ತೂಕದ ಗೋಳ ಮೂರು ಗಂಟೆಗಿಂತ ಕಡಿಮೆ ಅವಧಿಯಲ್ಲಿ ತಿರುಗಿದರೆ ತನ್ನ ಗುರುತ್ವದಿಂದ ತನ್ನನ್ನು ಹಿಡಿದಿಟ್ಟುಕೊಳ್ಳಲಾರದು. ಹಾಗಾದರೆ ನಕ್ಷತ್ರಗಳು ಹುಟ್ಟುವ ಮೊದಲೇ ತಮ್ಮ ಕೋನೀಯ ಸಂವೇಗದ ಬಹುಪಾಲನ್ನು ಹೊರಗೆ ಚೆಲ್ಲಿರಬೇಕು. ಎಲ್ಲಿ ಚೆಲ್ಲಿದವು?

ಸಾಕಷ್ಟು ಪಾಲು ಹೋದದ್ದು ಸುತ್ತಲಿನ ಅನಿಲ-ಧೂಳಿನ ತಟ್ಟೆಗೆ. ಮುಂದೆ ಗ್ರಹಗಳು ಹುಟ್ಟುವ ತಟ್ಟೆಯೇ ಅದು. ಎಳೆಯ ನಕ್ಷತ್ರದ ಬಲವಾದ ಕಾಂತಕ್ಷೇತ್ರ ಈ ತಟ್ಟೆಯ ಒಳ ಅಂಚನ್ನು ಹಿಡಿದುಕೊಂಡಿರುತ್ತದೆ. ತಟ್ಟೆ ಇರುವಷ್ಟು ಕಾಲ ನಕ್ಷತ್ರ ಕುಗ್ಗುತ್ತಿದ್ದರೂ ವೇಗ ಏರಿಸಿಕೊಳ್ಳಲಾರದು. 1992ರಲ್ಲಿ ಜೋಆನ್ ಆಟ್ರಿಜ್ ಮತ್ತು ವಿಲಿಯಂ ಹರ್ಬ್‌ಸ್ಟ್ ಅವರು ಒರಾಯನ್ ನೀಹಾರಿಕೆಯ ಗುಚ್ಛದಲ್ಲಿ ಇದರ ಸುಳಿವನ್ನು ಕಂಡರು. ಹತ್ತಿಪ್ಪತ್ತು ಲಕ್ಷ ವರ್ಷಗಳಷ್ಟೇ ವಯಸ್ಸಿನ ಆ ಗುಚ್ಛದಲ್ಲಿ ಅವಧಿಗಳು ಎಲ್ಲೆಡೆ ಸಮನಾಗಿ ಹರಡಿರಲಿಲ್ಲ. ಮುಂದಿನ ಸಮೀಕ್ಷೆಗಳು ಇದನ್ನು ಸ್ಪಷ್ಟಪಡಿಸಿದವು: ಒಂದು ಗುಂಪು ಎರಡು ದಿನದ ಆಸುಪಾಸು, ಇನ್ನೊಂದು ಎಂಟು ದಿನದ ಆಸುಪಾಸು. ನಿಧಾನದ ಗುಂಪಿನ ನಕ್ಷತ್ರಗಳಲ್ಲಿ ತಟ್ಟೆಯ ಗುರುತಾದ ಅವಕೆಂಪು ಹೊಳಪು ಹೆಚ್ಚಾಗಿ ಕಂಡಿತು.

ತಟ್ಟೆ ಎಷ್ಟು ಕಾಲ ಉಳಿಯುತ್ತದೆ ಎಂಬುದು ನಕ್ಷತ್ರದಿಂದ ನಕ್ಷತ್ರಕ್ಕೆ ಬೇರೆ: ಕೆಲವಕ್ಕೆ ಹತ್ತು ಲಕ್ಷ ವರ್ಷ, ಕೆಲವಕ್ಕೆ ಒಂದು ಕೋಟಿಯವರೆಗೆ. ತಟ್ಟೆಯನ್ನು ಬೇಗ ಕಳೆದುಕೊಂಡ ನಕ್ಷತ್ರ ತಡೆಯಿಲ್ಲದೆ ಕುಗ್ಗಿ, ವೇಗ ಹೆಚ್ಚಿಸಿಕೊಳ್ಳುತ್ತದೆ. ತಡವಾಗಿ ಕಳೆದುಕೊಂಡದ್ದು ನಿಧಾನವಾಗಿಯೇ ಯೌವನಕ್ಕೆ ಕಾಲಿಡುತ್ತದೆ. ಗುಚ್ಛದಲ್ಲಿ ನೆರೆಹೊರೆಯ ಪಾತ್ರವೂ ಇದೆ. ಒರಾಯನ್ ನೀಹಾರಿಕೆಯ ನಡುವಿನ ಭಾರಿ ನಕ್ಷತ್ರದ ನೇರಿಳಾತೀತ ಕಿರಣಗಳು ಸುತ್ತಲಿನ ಪುಟ್ಟ ನಕ್ಷತ್ರಗಳ ತಟ್ಟೆಗಳನ್ನು ಸವೆಸುತ್ತಿರುವುದನ್ನು ಹಬಲ್ ದೂರದರ್ಶಕದ ಚಿತ್ರಗಳಲ್ಲಿ ಕಣ್ಣಾರೆ ನೋಡಬಹುದು. ಸವೆಯುತ್ತಿರುವ ಅನಿಲ ಬಾಲದ ಹಾಗೆ ಹಿಂದಕ್ಕೆ ಚಾಚಿದೆ. ಎಲ್ಲಿ ಹುಟ್ಟಿತು, ಯಾರ ಪಕ್ಕದಲ್ಲಿ ಹುಟ್ಟಿತು ಎಂಬುದೂ ಮುಂದಿನ ವೇಗವನ್ನು ತಿದ್ದುತ್ತದೆಂದು ಇದರಿಂದ ಊಹಿಸಬಹುದು. ಕಾಂತಕ್ಷೇತ್ರ ತಟ್ಟೆಯ ಮೂಲಕವೇ ತಡೆಯುತ್ತದೆಯೋ, ತಟ್ಟೆಯಿಂದ ಬೀಳುವ ಅನಿಲದ ಬಲದಲ್ಲಿ ನಕ್ಷತ್ರದಿಂದ ಹೊರಡುವ ಮಾರುತ ತಡೆಯುತ್ತದೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನಮ್ಮ ವಾದಕ್ಕೆ ಇಷ್ಟು ಸಾಕು: ಒಡಹುಟ್ಟಿದ ನಕ್ಷತ್ರಗಳ ವೇಗದ ಭೇದ ಮೊದಲ ಒಂದು ಕೋಟಿ ವರ್ಷದೊಳಗೇ ಹುಟ್ಟಿಕೊಳ್ಳುತ್ತದೆ.

ಈಗ ಈ ಉಪನ್ಯಾಸದ ತಿರುಳಿಗೆ ಬಂದಿದ್ದೇನೆ. ಹುಟ್ಟಿಕೊಂಡ ಭೇದ ಸೂರ್ಯನಂಥವುಗಳಲ್ಲಿ ಅಳಿಯುವುದು ಹೇಗೆ?

ಸೂರ್ಯ ಇಂದು ಸಮಭಾಜಕದಲ್ಲಿ ಸುಮಾರು 25 ದಿನಕ್ಕೊಮ್ಮೆ ತಿರುಗುತ್ತಾನೆ. ಮೇಲ್ಮೈ ವೇಗ ಸೆಕೆಂಡಿಗೆ ಎರಡೇ ಕಿಲೋಮೀಟರು. ಕೃತ್ತಿಕೆಯ ನಕ್ಷತ್ರಗಳ ಮುಂದೆ ಇದು ಬಹಳ ನಿಧಾನ. 1958ರಲ್ಲಿ ಯೂಜೀನ್ ಪಾರ್ಕರ್ ಸೂರ್ಯನಿಂದ ಎಲ್ಲ ದಿಕ್ಕಿಗೂ ಬಿಸಿ ಕಣಗಳ ಮಾರುತ ಬೀಸುತ್ತಿರಬೇಕೆಂದು ತೋರಿಸಿದರು. 1962ರಲ್ಲಿ ಫ್ರಾನ್ಸಿನ ಎವ್ರಿ ಶಾಟ್ಜ್‌ಮನ್ ಆ ಮಾತಿಗೆ ಒಂದು ದೊಡ್ಡ ಅರ್ಥ ಕಂಡರು: ಸೂರ್ಯನನ್ನು ನಿಧಾನಗೊಳಿಸುವುದು ಆ ಮಾರುತವೇ. ಸೌರಮಾರುತದಲ್ಲಿ ಹೋಗುವ ದ್ರವ್ಯ ಅತ್ಯಲ್ಪ. ಇಂದಿನ ಗತಿಯಲ್ಲಿ ಸೂರ್ಯನ ಇಡೀ ಆಯುಸ್ಸಿನ ಲೆಕ್ಕ ಹಾಕಿದರೂ ಅದರ ಒಟ್ಟು ದ್ರವ್ಯರಾಶಿಯ ಹತ್ತು ಸಾವಿರದಲ್ಲಿ ಒಂದೆರಡು ಪಾಲಿನಷ್ಟು. ಇಷ್ಟು ಕಡಿಮೆ ದ್ರವ್ಯ ಸೂರ್ಯನನ್ನು ನಿಧಾನಗೊಳಿಸುವುದು ಹೇಗೆ? ಆ ಕಣಗಳು ವಿದ್ಯುದಾವೇಶವುಳ್ಳವು. ಕಾಂತಕ್ಷೇತ್ರದ ರೇಖೆಗಳನ್ನು ಬಿಟ್ಟು ಸುಲಭವಾಗಿ ಹೋಗಲಾರವು. ಸೂರ್ಯನೊಂದಿಗೆ ತಿರುಗುವ ರೇಖೆಗಳು ಅವನ್ನು ಬಹುದೂರದವರೆಗೆ ತಮ್ಮ ಜೊತೆ ಸುತ್ತಿಸಿಕೊಂಡು ಹೋಗಿ ಅಲ್ಲಿ ಕೈಬಿಡುತ್ತವೆ. ಬೀಸುಕಲ್ಲಿನ ಗೂಟವನ್ನು ನಡುವಿನಲ್ಲಿ ಇಡದೆ ಅಂಚಿಗೆ ಇಡುವುದು ಏಕೆಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ನಡುವಿನಿಂದ ದೂರವಾದಷ್ಟೂ ಸ್ವಲ್ಪ ಬಲಕ್ಕೆ ಹೆಚ್ಚು ಫಲ. ಮಾರುತದ ಕಣ ಬಿಡುಗಡೆಯಾಗುವ ಸ್ಥಳ ದೂರವಿರುವುದರಿಂದ ಅಲ್ಪ ದ್ರವ್ಯವೂ ಅಪಾರ ಕೋನೀಯ ಸಂವೇಗವನ್ನು ಹೊತ್ತೊಯ್ಯುತ್ತದೆ. ಕಣಗಳು ಬಿಡುಗಡೆಯಾಗುವ ಆ ಗಡಿ ಕೇವಲ ಲೆಕ್ಕದ್ದಲ್ಲ. 2021ರ ಏಪ್ರಿಲ್ 28ರಂದು ಪಾರ್ಕರ್ ಹೆಸರಿನದೇ ಆದ ನೌಕೆ, ಸೂರ್ಯನ ತ್ರಿಜ್ಯದ ಸುಮಾರು 19 ಪಟ್ಟು ದೂರದಲ್ಲಿ ಅದನ್ನು ದಾಟಿ ಒಳಗೆ ಹೋಯಿತು.

ಈ ತಡೆ ಭೇದವನ್ನು ಅಳಿಸುವುದಕ್ಕೆ ಕಾರಣ ಇಷ್ಟು. ಸೂರ್ಯನಂಥ ನಕ್ಷತ್ರಗಳ ಹೊರಪದರದಲ್ಲಿ ಬಿಸಿ ಅನಿಲ ಕುದಿಯುತ್ತ ಮೇಲೆ ಕೆಳಗೆ ಆಡುತ್ತಿರುತ್ತದೆ. ಆ ಕುದಿತ ಮತ್ತು ಆವರ್ತನೆ ಸೇರಿ ಕಾಂತಕ್ಷೇತ್ರವನ್ನು ಹುಟ್ಟಿಸುತ್ತವೆ. ವೇಗ ಹೆಚ್ಚಿದ್ದರೆ ಕ್ಷೇತ್ರ ಬಲವಾಗುತ್ತದೆ, ಕ್ಷೇತ್ರ ಬಲವಾದರೆ ತಡೆ ಹೆಚ್ಚುತ್ತದೆ. ವೇಗದ್ದು ಬೇಗ ತಗ್ಗುತ್ತದೆ, ನಿಧಾನದ್ದು ತಡವಾಗಿ ತಗ್ಗುತ್ತದೆ. ಕೊನೆಗೆ ಎರಡೂ ಒಂದೇ ದಾರಿಗೆ ಬಂದು ಸೇರುತ್ತವೆ. ಅತಿ ವೇಗದ ನಕ್ಷತ್ರಗಳಲ್ಲಿ ಕ್ಷೇತ್ರ ಒಂದು ಮಟ್ಟಕ್ಕಿಂತ ಮೇಲೆ ಏರದಿರುವುದರಿಂದ ಅವು ಸಾಲಿಗೆ ಬರುವುದು ತುಸು ತಡ. ಕೃತ್ತಿಕೆಯಲ್ಲಿ ಒಂದು ದಿನದೊಳಗೇ ಸುತ್ತುವ ಕಿತ್ತಳೆ ಬಣ್ಣದ ಕುಬ್ಜ ನಕ್ಷತ್ರಗಳು 1980ರ ದಶಕದ ಆರಂಭದಲ್ಲಿ ಕಂಡಾಗ ಬಹಳ ಜನಕ್ಕೆ ಆಶ್ಚರ್ಯವಾಗಿತ್ತು. ಅವು ಇನ್ನೂ ಸಾಲಿಗೆ ಬಾರದವು.

1972ರಲ್ಲಿ ಆಂಡ್ರ್ಯೂ ಸ್ಕುಮಾನಿಚ್ ಕೆಲವೇ ಪುಟಗಳ ಒಂದು ಲೇಖನ ಬರೆದರು. ಅವರ ಮುಂದೆ ಇದ್ದದ್ದು ಕೃತ್ತಿಕೆ, ಸಪ್ತರ್ಷಿ ಮಂಡಲದ ಗುಂಪು, ರೋಹಿಣಿಯ ಸುತ್ತ ಕಾಣುವ ಹಯಡೀಸ್ ಗುಚ್ಛ, ಮತ್ತು ಸೂರ್ಯ, ಇಷ್ಟೇ. (ರೋಹಿಣಿ ನಕ್ಷತ್ರ ಆ ಗುಚ್ಛದ್ದಲ್ಲ, ನಮಗೆ ಅದಕ್ಕಿಂತ ಬಹಳ ಹತ್ತಿರದಲ್ಲಿದ್ದು ನಡುವೆ ಬಂದು ನಿಂತಂತೆ ಕಾಣುತ್ತದೆ.) ವೇಗವೂ, ಕಾಂತಚಟುವಟಿಕೆಯ ಗುರುತಾದ ಕ್ಯಾಲ್ಸಿಯಂ ಬೆಳಕೂ ವಯಸ್ಸಿನ ವರ್ಗಮೂಲಕ್ಕೆ ವಿಲೋಮವಾಗಿ ಇಳಿಯುತ್ತವೆಂದು ಅವರು ತೋರಿಸಿದರು. ಆ ಕ್ಯಾಲ್ಸಿಯಂ ರೇಖೆಯ ಅಗಲಕ್ಕೂ ನಕ್ಷತ್ರದ ನಿಜವಾದ ಪ್ರಕಾಶಕ್ಕೂ ಇರುವ ನಂಟನ್ನು 1957ರಲ್ಲಿ ಓಲಿನ್ ವಿಲ್ಸನ್ ಅವರೊಡನೆ ಪ್ರಕಟಿಸಿದವರು, ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ ವೈನು ಬಪ್ಪು ಅವರು.

ಸ್ಕುಮಾನಿಚ್ ನಿಯಮವನ್ನು ಇಲ್ಲಿಯೇ ಪರೀಕ್ಷಿಸಿ ನೋಡಬಹುದು. ವಿದ್ಯಾರ್ಥಿಗಳು ಲೆಕ್ಕ ಹಾಕಿಕೊಳ್ಳಲಿ. ಸೂರ್ಯನ ವಯಸ್ಸು 457 ಕೋಟಿ ವರ್ಷ, ಅವಧಿ 25 ದಿನ. ಹಂಸ ಮಂಡಲದಲ್ಲಿ ಎನ್‌ಜಿಸಿ 6819 ಎಂಬ ಗುಚ್ಛವಿದೆ, ವಯಸ್ಸು 250 ಕೋಟಿ ವರ್ಷ. 250ನ್ನು 457ರಿಂದ ಭಾಗಿಸಿ, ವರ್ಗಮೂಲ ತೆಗೆದು, 25ರಿಂದ ಗುಣಿಸಿದರೆ ಹದಿನೆಂಟೂವರೆ ದಿನ ಬರುತ್ತದೆ. 2015ರಲ್ಲಿ ಸೊರೆನ್ ಮೈಬೊಮ್ ಮತ್ತು ಸಂಗಡಿಗರು ಕೆಪ್ಲರ್ ದತ್ತಾಂಶದಿಂದ ಅಲ್ಲಿನ ಮೂವತ್ತು ನಕ್ಷತ್ರಗಳ ಅವಧಿ ಅಳೆದರು; ಸೂರ್ಯನಂಥವು ಸುಮಾರು 18 ದಿನಕ್ಕೊಮ್ಮೆ ತಿರುಗುತ್ತಿದ್ದವು. ನಾಲ್ಕು ಬಿಂದುಗಳ ಮೇಲೆ ಎಳೆದ ಗೆರೆ ನಲವತ್ತು ವರ್ಷಗಳ ಬಳಿಕ, ಅಂದು ಯಾರೂ ಅಳೆದಿರದ ಗುಚ್ಛಕ್ಕೂ ಒಪ್ಪಿತು. ಭೌತವಿಜ್ಞಾನದಲ್ಲಿ ನನಗೆ ಬಹಳ ಪ್ರಿಯವಾದ ಫಲಿತಾಂಶಗಳಲ್ಲಿ ಇದೊಂದು.

ಇದರಿಂದ ಒಂದು ಉಪಯೋಗ ಹೊರಟಿತು. ಗುಚ್ಛದಲ್ಲಿಲ್ಲದ ಒಂಟಿ ನಕ್ಷತ್ರದ ವಯಸ್ಸು ಹೇಳುವುದು ಬಹಳ ಕಷ್ಟ. ಎಲ್ಲ ಸೋದರರೂ ಒಂದೇ ವೇಗಕ್ಕೆ ಬರುವುದಾದರೆ ವೇಗವನ್ನೇ ಗಡಿಯಾರವಾಗಿ ಬಳಸಬಹುದು. ಸಿಡ್ನಿ ಬಾರ್ನ್ಸ್ 2003ರಲ್ಲಿ ಈ ಗಡಿಯಾರಕ್ಕೆ ಸ್ಪಷ್ಟ ರೂಪ ಕೊಟ್ಟರು. ಗ್ರಹಗಳಿರುವ ನಕ್ಷತ್ರಗಳ ವಯಸ್ಸು ತಿಳಿಯಲು ಇಂದು ಇದನ್ನು ಬಳಸುತ್ತಾರೆ.

ಆದರೆ ಗಡಿಯಾರ ಎಲ್ಲ ಕಡೆ ಒಂದೇ ಸಮ ನಡೆಯುವುದಿಲ್ಲ. ಪುಷ್ಯ ನಕ್ಷತ್ರದ ಬಳಿ ಮಸುಕಾಗಿ ಕಾಣುವ ಪ್ರೆಸೆಪಿ ಗುಚ್ಛಕ್ಕೆ 65ರಿಂದ 70 ಕೋಟಿ ವರ್ಷ, ಎನ್‌ಜಿಸಿ 6811ಕ್ಕೆ 100 ಕೋಟಿ. ಎರಡನೆಯದರ ನಕ್ಷತ್ರಗಳು ಇನ್ನಷ್ಟು ನಿಧಾನವಾಗಿರಬೇಕಿತ್ತು. ಸೂರ್ಯನಂಥವು ಹಾಗೆಯೇ ಇವೆ. ಸೂರ್ಯನಿಗಿಂತ ಹಗುರವಾದ ಕಿತ್ತಳೆ ನಕ್ಷತ್ರಗಳು ಮಾತ್ರ ಎರಡು ಗುಚ್ಛಗಳಲ್ಲಿಯೂ ಒಂದೇ ವೇಗದಲ್ಲಿವೆ ಎಂದು 2019ರಲ್ಲಿ ಜೇಸನ್ ಕರ್ಟಿಸ್ ಮತ್ತು ಸಂಗಡಿಗರು ಕಂಡರು. ಮೂವತ್ತು ಕೋಟಿ ವರ್ಷ ಅವು ನಿಧಾನವಾಗುವುದೇ ನಿಂತಂತಿದೆ. ಮಾರುತ ತಡೆಯುವುದು ಹೊರಪದರವನ್ನು. ಒಳಗಿನ ತಿರುಳು ಆ ಹೊತ್ತಿಗೂ ವೇಗವಾಗಿಯೇ ಸುತ್ತುತ್ತಿರುತ್ತದೆ. ಅದು ತನ್ನ ಕೋನೀಯ ಸಂವೇಗವನ್ನು ಮೆಲ್ಲಗೆ ಹೊರಕ್ಕೆ ಕೊಡುತ್ತ, ತಡೆಯಿಂದಾದ ನಷ್ಟವನ್ನು ಕೆಲಕಾಲ ತುಂಬಿಕೊಡುತ್ತದೆ ಎಂಬುದು ಈಗ ಹೆಚ್ಚು ಜನ ಒಪ್ಪುವ ವಿವರಣೆ.

ನಾಲ್ಕನೆಯ ಭಾಗಕ್ಕೆ ಬರುತ್ತೇನೆ. 1967ರಲ್ಲಿ ರಾಬರ್ಟ್ ಕ್ರಾಫ್ಟ್ ಒಂದು ಎಲ್ಲೆಗೆರೆಯನ್ನು ಸ್ಪಷ್ಟಪಡಿಸಿದರು. ಸೂರ್ಯನ ದ್ರವ್ಯರಾಶಿಯ ಸುಮಾರು 1.3 ಪಟ್ಟಿಗಿಂತ ಹಗುರವಾದ ನಕ್ಷತ್ರಗಳು ನಿಧಾನ; ಅದಕ್ಕಿಂತ ಭಾರವಾದವುಗಳ ವೇಗ ಹಠಾತ್ತನೆ ಏರುತ್ತದೆ. ಭಾರದ ನಕ್ಷತ್ರಗಳ ಹೊರಪದರದಲ್ಲಿ ಆ ಕುದಿತವಿಲ್ಲ. ಕುದಿತವಿಲ್ಲದ ಕಡೆ ಸೂರ್ಯನಂತೆ ಕಾಂತಕ್ಷೇತ್ರ ಹುಟ್ಟುವುದಿಲ್ಲ, ಮಾರುತಕ್ಕೆ ಹಿಡಿಕೆ ಸಿಗುವುದಿಲ್ಲ. ಪ್ಲಿಯೋನೆ ಮತ್ತು ಮಾಯಾ ಎರಡೂ ಈ ಎಲ್ಲೆಯಾಚೆಗಿನವು. ಹತ್ತಾರು ಕೋಟಿ ವರ್ಷ ಕಳೆದರೂ ಅವುಗಳ ಭೇದ ಉಳಿದಿರುವುದಕ್ಕೆ ಇದೇ ಕಾರಣ.

ವೇಗ ಹೆಚ್ಚಾದರೆ ನಕ್ಷತ್ರದ ಆಕಾರವೂ ಬಣ್ಣವೂ ಬದಲಾಗುತ್ತವೆ. ಮಘಾ ನಕ್ಷತ್ರ ಸುಮಾರು 16 ಗಂಟೆಗೊಮ್ಮೆ ತಿರುಗಿ, ಸಮಭಾಜಕದಲ್ಲಿ ಮೂರನೇ ಒಂದು ಪಾಲಿನಷ್ಟು ಉಬ್ಬಿಕೊಂಡಿದೆ. ಶ್ರವಣವೂ ಹಾಗೆಯೇ ಚಪ್ಪಟೆಯೆಂದು 2007ರಲ್ಲಿ ತೆಗೆದ ಚಿತ್ರದಲ್ಲಿ ಕಂಡಿತು. ಉಬ್ಬಿದ ನಡು ತಣ್ಣಗಾಗಿ ಕೆಂಪಾಗುತ್ತದೆ, ಧ್ರುವಗಳು ಬಿಸಿಯಾಗಿಯೇ ಉಳಿಯುತ್ತವೆ. ಬಣ್ಣದಿಂದ ನಕ್ಷತ್ರದ ಗುಣ ಹೇಳುವವರಿಗೆ ಇದು ದೊಡ್ಡ ತೊಡಕು. ನಮ್ಮ ಬೆಂಗಳೂರಿನ ಖಭೌತ ಸಂಸ್ಥೆಯ ಆರ್. ರಾಜಮೋಹನ್ ಮತ್ತು ಅಣ್ಣಮ್ಮ ಮ್ಯಾಥ್ಯೂ ಅವರು ಆವರ್ತನೆ ನಕ್ಷತ್ರಗಳ ಬಣ್ಣವನ್ನು ಎಷ್ಟು ತಿದ್ದುತ್ತದೆ ಎಂಬುದನ್ನು ಆಲ್ಫಾ ಪರ್ಸಿಯಂತಹ ಗುಚ್ಛಗಳಲ್ಲಿ ತಾಳ್ಮೆಯಿಂದ ಲೆಕ್ಕ ಹಾಕಿದರು. ಆ ಬಗೆಯ ಕೆಲಸದ ಮಹತ್ವ ಎದ್ದು ಕಂಡದ್ದು ಅನಂತರ. 2007ರಲ್ಲಿ ದೊಡ್ಡ ಮೆಗೆಲ್ಲನ್ ಮೋಡವೆಂಬ ನೆರೆಯ ಗೆಲಾಕ್ಸಿಯ ಎನ್‌ಜಿಸಿ 1846 ಎಂಬ ಗುಚ್ಛದಲ್ಲಿ ಎರಡು ತಲೆಮಾರುಗಳಿರುವಂತೆ ಕಂಡು, ಒಂದೇ ಗುಚ್ಛ ಎರಡು ಬಾರಿ ನಕ್ಷತ್ರಗಳನ್ನು ಹಡೆಯಿತೇ ಎಂಬ ಚರ್ಚೆ ಎದ್ದಿತು. ವೇಗದ ನಕ್ಷತ್ರಗಳು ಕೆಂಪಾಗಿ, ನಿಧಾನದವು ನೀಲಿಯಾಗಿ ಕಾಣುವುದರಿಂದಲೇ ಹೀಗೆ ತೋರುತ್ತದೆಂದು 2009ರಲ್ಲಿ ನೇಟ್ ಬಾಸ್ಟಿಯನ್ ಮತ್ತು ಸೆಲ್ಮಾ ಡಿ ಮಿಂಕ್ ವಾದಿಸಿದರು. ಇಂಥ ಗುಚ್ಛಗಳ ರೋಹಿತ ತೆಗೆದಾಗ ಕೆಂಪು ಬದಿಯವು ವೇಗದವೆಂದೇ ಕಂಡುಬಂತು.

ಹಾಗಿದ್ದರೆ ಭಾರದ ನಕ್ಷತ್ರಗಳು ವೇಗದವು, ನಿಧಾನದವು ಎಂದು ಎರಡು ಪಂಗಡವಾದದ್ದೇಕೆ? ಮೂರು ಉತ್ತರಗಳು ಮುಂದಿವೆ. ತಟ್ಟೆ ಬೇಗ ಹೋಯಿತೋ ತಡವಾಗಿ ಹೋಯಿತೋ ಎಂಬುದು ಒಂದು. ಹತ್ತಿರದ ಸಂಗಾತಿಯ ಉಬ್ಬರವಿಳಿತದ ಸೆಳೆತ ವೇಗವನ್ನು ತಗ್ಗಿಸಿತು ಎಂಬುದು ಫ್ರಾಂಚೆಸ್ಕಾ ಡಾಂಟೋನಾ ಮತ್ತು ಸಂಗಡಿಗರ ವಾದ. ಎರಡು ನಕ್ಷತ್ರಗಳು ಒಂದರಲ್ಲೊಂದು ಬೆರೆತು, ಬಲವಾದ ಕಾಂತಕ್ಷೇತ್ರ ಪಡೆದು ನಿಧಾನವಾದವು ಎಂಬುದು ಮೂರನೆಯದು. ಸಂಗಾತಿಯೇ ಕಾರಣವಾದರೆ ನಿಧಾನದ ಗುಂಪಿನಲ್ಲಿ ಯಮಳ ನಕ್ಷತ್ರಗಳು ಹೆಚ್ಚಿರಬೇಕು. ಎನ್‌ಜಿಸಿ 1850 ಎಂಬ ಗುಚ್ಛದಲ್ಲಿ ಹುಡುಕಿದಾಗ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ತಟ್ಟೆಯ ವಿವರಣೆಗೆ ನನ್ನ ಒಲವು ಹೆಚ್ಚು. ಹಗುರ ನಕ್ಷತ್ರಗಳಲ್ಲಿ ಅದು ನಡೆಯುವುದನ್ನು ಒರಾಯನ್‌ನಲ್ಲಿ ಕಂಡಿದ್ದೇವೆ. ಭಾರದವುಗಳಲ್ಲಿ ಅದರ ಫಲವನ್ನು ಅಳಿಸುವವರು ಯಾರೂ ಇಲ್ಲ. ಒಂದೇ ಕಾರಣ ಎಲ್ಲ ಗುಚ್ಛಗಳಿಗೂ ಸಾಲುತ್ತದೆಂದು ಮಾತ್ರ ನಾನು ಹೇಳಲಾರೆ.

ಮುಗಿಸುವ ಮುನ್ನ ಸೂರ್ಯನ ಬಗ್ಗೆ ಇನ್ನೊಂದು ಮಾತು. 2016ರಲ್ಲಿ ಜೆನಿಫರ್ ವ್ಯಾನ್ ಸೇಡರ್ಸ್ ಮತ್ತು ಸಂಗಡಿಗರು ಸೂರ್ಯನ ಪ್ರಾಯದ ಮತ್ತು ಅದಕ್ಕಿಂತ ಹಿರಿಯ ನಕ್ಷತ್ರಗಳನ್ನು ಪರಿಶೀಲಿಸಿ, ಅವು ಸ್ಕುಮಾನಿಚ್ ನಿಯಮ ಹೇಳುವುದಕ್ಕಿಂತ ವೇಗವಾಗಿ ತಿರುಗುತ್ತಿವೆ ಎಂದು ತೋರಿಸಿದರು. ನಡುವಯಸ್ಸು ದಾಟಿದ ಮೇಲೆ ಕಾಂತಕ್ಷೇತ್ರದ ಹಿಡಿತ ಸಡಿಲವಾಗುತ್ತದೆಂದು ಇದರ ಅರ್ಥ. ನೌಕೆಗಳು ಸೌರಮಾರುತವನ್ನು ನೇರವಾಗಿ ಅಳೆದಾಗಲೂ ಇಂದಿನ ತಡೆ, ಹಳೆಯ ನಿಯಮ ಬಯಸುವುದಕ್ಕಿಂತ ಕಡಿಮೆ ಬರುತ್ತಿದೆ. ಇದನ್ನು ತೀರ್ಮಾನಿಸಲು ಸೂರ್ಯನಿಗಿಂತ ಹಿರಿಯ ಗುಚ್ಛಗಳು ಬೇಕು. ಕರ್ಕಾಟಕ ರಾಶಿಯ ಎಂ67ಕ್ಕೆ ಸುಮಾರು 400 ಕೋಟಿ ವರ್ಷವಷ್ಟೇ; ಅದಕ್ಕಿಂತ ಹಳೆಯದಾದ ಎನ್‌ಜಿಸಿ 188ರ ಸೂರ್ಯಸಮಾನ ನಕ್ಷತ್ರಗಳು ಬಹಳ ಮಸುಕು, ಅವುಗಳ ಕಲೆಗಳೂ ಚಿಕ್ಕವು. ಅವನ್ನು ಅಳೆಯಲಾಗುವವರೆಗೆ ಹತ್ತಿರದ ಸೂರ್ಯನನ್ನೇ ಚೆನ್ನಾಗಿ ಅಳೆಯಬೇಕು. 2023ರ ಸೆಪ್ಟೆಂಬರ್ 2ರಂದು ಹೊರಟು, 2024ರ ಜನವರಿ 6ರಂದು ತನ್ನ ಕಕ್ಷೆ ಸೇರಿದ ನಮ್ಮ ಆದಿತ್ಯ-ಎಲ್1 ನೌಕೆಯಲ್ಲಿ ಸೌರಮಾರುತದ ಕಣಗಳನ್ನು ಎಣಿಸುವ ಉಪಕರಣವೂ ಕಾಂತಕ್ಷೇತ್ರವನ್ನು ಅಳೆಯುವ ಉಪಕರಣವೂ ಇವೆ. ತಡೆಯ ಲೆಕ್ಕಕ್ಕೆ ಬೇಕಾದ ಅಳತೆಗಳಲ್ಲಿ ಮುಖ್ಯವಾದವು ಇವೇ ಎರಡು. ಭೌತವಿಜ್ಞಾನ ಓದುತ್ತಿರುವ ನಿಮ್ಮಲ್ಲಿ ಕೆಲವರಾದರೂ ಆ ದತ್ತಾಂಶವನ್ನು ತೆಗೆದು ನೋಡಬೇಕೆಂದು ಕೇಳಿಕೊಳ್ಳುತ್ತೇನೆ.